ಎತ್ತುವಾಗ ಒಂದು ವೇಗ, ಇಳಿಸುವಾಗ ಇನ್ನೊಂದು

ಜಿಮ್‌ಗೆ ಹೊಸದಾಗಿ ಸೇರಿದವರಿಗೆ ವೇಗದ ಬಗ್ಗೆ ಸಿಗುವಷ್ಟು ಗೊಂದಲದ ಸಲಹೆ ಬೇರೆ ಯಾವುದರ ಬಗ್ಗೆಯೂ ಸಿಗುವುದಿಲ್ಲ. ಒಬ್ಬ ಟ್ರೇನರ್ "ನಿಧಾನ, ಇನ್ನೂ ನಿಧಾನ" ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಇನ್ನೊಬ್ಬರು "ಜೋರಾಗಿ ತಳ್ಳಿ" ಅಂತ ಕೂಗುತ್ತಾರೆ. ಇಬ್ಬರ ಮೈಕಟ್ಟೂ ಚೆನ್ನಾಗಿಯೇ ಇರುತ್ತದೆ. ಯಾರನ್ನು ನಂಬೋದು?

ನನ್ನ ಲೆಕ್ಕದಲ್ಲಿ ಇಬ್ಬರೂ ಅರ್ಧರ್ಧ ಹೇಳುತ್ತಿದ್ದಾರೆ. ಒಂದು ರೆಪ್‌ನಲ್ಲಿ, ಅಂದರೆ ವ್ಯಾಯಾಮವನ್ನು ಒಂದು ಸಲ ಮಾಡುವುದರಲ್ಲಿ, ಎತ್ತುವುದೂ ಇದೆ, ಇಳಿಸುವುದೂ ಇದೆ. ಸ್ನಾಯುವಿನ ಮಟ್ಟಿಗೆ ಇವೆರಡೂ ಬೇರೆ ಬೇರೆ ಕೆಲಸ. ಇಳಿಸುವ ವೇಗ ನಮ್ಮ ಕೈಯಲ್ಲಿದೆ, ಅದನ್ನು ನಾವೇ ನಿರ್ಧರಿಸಬೇಕು. ಎತ್ತುವಾಗ ಮಾತ್ರ ಆದಷ್ಟು ಜೋರು ಹಾಕಿ, ಎಷ್ಟು ಬೇಗ ಮೇಲೆ ಹೋಗುತ್ತದೆ ಅನ್ನುವುದನ್ನು ಬಾರ್ ಮೇಲಿನ ಭಾರಕ್ಕೇ ಬಿಡಬೇಕು. ಇದಕ್ಕೆ ಕೆಲವು ಅಪವಾದಗಳಿವೆ, ಆಮೇಲೆ ಬರುತ್ತೇನೆ.

ಕೋಚ್‌ಗಳು ಈ ವೇಗವನ್ನು ಬರೆದಿಡಲು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಟೆಂಪೋ ಅನ್ನುತ್ತಾರೆ. ಆಸ್ಟ್ರೇಲಿಯಾದ ಕೋಚ್ ಇಯಾನ್ ಕಿಂಗ್ ಮೂರು ಅಂಕಿಯಲ್ಲಿ ಬರೆಯುತ್ತಿದ್ದರು. ಕೆನಡಾದ ಚಾರ್ಲ್ಸ್ ಪೋಲಿಕ್ವಿನ್ ನಾಲ್ಕು ಅಂಕಿಯ ರೂಪವನ್ನು ಎಲ್ಲೆಡೆ ಹರಡಿದರು. 3-1-1-0 ಅಂತ ಬರೆದಿದ್ದರೆ ಮೂರು ಸೆಕೆಂಡು ಇಳಿಸಿ, ಕೆಳಗೆ ಒಂದು ಸೆಕೆಂಡು ನಿಲ್ಲಿಸಿ, ಒಂದು ಸೆಕೆಂಡಿನಲ್ಲಿ ಎತ್ತಿ, ಮೇಲೆ ನಿಲ್ಲದೆ ಮತ್ತೆ ಇಳಿಸಲು ಶುರು ಮಾಡಿ ಎಂದರ್ಥ. ಮೊದಲ ಅಂಕಿ ಯಾವಾಗಲೂ ಇಳಿಸುವುದಕ್ಕೇ ಸೇರಿದ್ದು. ಡೆಡ್‌ಲಿಫ್ಟ್‌ನಂತೆ ಎತ್ತುವುದರಿಂದಲೇ ಶುರುವಾಗುವ ವ್ಯಾಯಾಮದಲ್ಲೂ ಅಷ್ಟೇ. ಇಲ್ಲಿ ತುಂಬಾ ಜನ ಎಡವುತ್ತಾರೆ. ಮೂರನೇ ಜಾಗದಲ್ಲಿ ಅಂಕಿಯ ಬದಲು ಎಕ್ಸ್ ಅಕ್ಷರ ಇದ್ದರೆ, ಸಾಧ್ಯವಾದಷ್ಟು ಜೋರಾಗಿ ಎತ್ತಿ ಅಂತ.

ಪದ್ಧತಿ ಚೆನ್ನಾಗಿದೆ. ಆದರೆ ನಾಲ್ಕು ಅಂಕಿಗಳನ್ನೂ ಒಂದೇ ಗಂಭೀರತೆಯಿಂದ ಪಾಲಿಸಲು ಹೊರಟರೆ ತಲೆ ಕೆಡುತ್ತದೆ. ಯಾವ ಅಂಕಿಗೆ ಎಷ್ಟು ಬೆಲೆ ಕೊಡಬೇಕು ಅಂತ ತಿಳಿಯಬೇಕಾದರೆ ಸ್ವಲ್ಪ ಭೌತಶಾಸ್ತ್ರ, ಸ್ವಲ್ಪ ಸ್ನಾಯುವಿನ ಒಳಗುಟ್ಟು ನೋಡಬೇಕು. ಹೆದರಬೇಡಿ, ಜಾಸ್ತಿ ಇಲ್ಲ.

20 ಕೆ.ಜಿ. ಭಾರವನ್ನು ಅರ್ಧ ಮೀಟರ್ ಎತ್ತಿದರೆ ಆಗುವ ಕೆಲಸ ಸುಮಾರು 98 ಜೂಲ್. ಒಂದು ಸೆಕೆಂಡಿನಲ್ಲಿ ಎತ್ತಿದರೂ ಅಷ್ಟೇ, ನಾಲ್ಕು ಸೆಕೆಂಡಿನಲ್ಲಿ ಎತ್ತಿದರೂ ಅಷ್ಟೇ. ಬದಲಾಗುವುದು ಪವರ್, ಅಂದರೆ ಒಂದು ಸೆಕೆಂಡಿಗೆ ಆಗುವ ಕೆಲಸ: ಮೊದಲನೆಯದರಲ್ಲಿ 98 ವ್ಯಾಟ್, ಎರಡನೆಯದರಲ್ಲಿ 25ರ ಹತ್ತಿರ. ಇನ್ನೊಂದು ಮಜಾ ಇದೆ. ಭಾರ ಅಲುಗಾಡದೆ ನಿಂತ ಸ್ಥಿತಿಯಿಂದ ಹೊರಟು ಮತ್ತೆ ಹಾಗೇ ನಿಂತ ಸ್ಥಿತಿಗೆ ಬರುವ ಯಾವ ರೆಪ್‌ನಲ್ಲಾದರೂ ಸರಾಸರಿ ಬಲ ಆ ಭಾರದ ತೂಕಕ್ಕೆ ಸಮ. ಜೋರಾಗಿ ಎತ್ತಿದಾಗ ಶುರುವಿನಲ್ಲಿ ತೂಕಕ್ಕಿಂತ ಜಾಸ್ತಿ ಬಲ ಹಾಕುತ್ತೇವೆ, ಕೊನೆಯಲ್ಲಿ ಕಡಿಮೆ. ನಿಧಾನಕ್ಕೆ ಎತ್ತಿದಾಗ ಉದ್ದಕ್ಕೂ ತೂಕದಷ್ಟೇ ಬಲ, ಆದರೆ ಹೆಚ್ಚು ಹೊತ್ತು. ಹಾಗಾಗಿ "ನಿಧಾನಕ್ಕೆ ಎತ್ತಿದರೆ ಸ್ನಾಯುವಿಗೆ ಜಾಸ್ತಿ ಬಲ ಬೀಳುತ್ತದೆ" ಅನ್ನುವ ಮಾತು ಹಾಗೇ ಒಪ್ಪುವಂಥದ್ದಲ್ಲ. ಬೇಗ ಸುಸ್ತಾಗುತ್ತದೆ, ಉರಿಯುತ್ತದೆ, ಅದು ನಿಜ. ಉರಿ ಬಂತು ಅಂದ ಮಾತ್ರಕ್ಕೆ ಬಲ ಬಂತು ಅಂತ ಹೇಳಲಾಗುವುದಿಲ್ಲ.

ಈಗ ಸ್ನಾಯುವಿನೊಳಗೆ ಹೋಗೋಣ. 1938ರಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿ ಒಂದು ಸಂಬಂಧವನ್ನು ಬರೆದಿಟ್ಟರು. ಅಷ್ಟು ಹೊತ್ತಿಗಾಗಲೇ ಅವರಿಗೆ ಸ್ನಾಯು ಸಂಶೋಧನೆಗೇ ನೊಬೆಲ್ ಬಂದಿತ್ತು. ಅವರು ಕಂಡಿದ್ದು ಇಷ್ಟು: ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೋ ಅದು ಕೊಡಬಲ್ಲ ಬಲ ಅಷ್ಟು ಕಡಿಮೆ. ಸ್ನಾಯುವಿನ ಎಳೆಗಳೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಪ್ರೋಟೀನ್ ಕೊಕ್ಕೆಗಳಿವೆ. ಹಗ್ಗ ಎಳೆಯುವ ಕೈಗಳ ಹಾಗೆ ಅವು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಹಗ್ಗ ಸರ್ರನೆ ಸರಿಯುತ್ತಿದ್ದರೆ ಒಂದೇ ಕ್ಷಣದಲ್ಲಿ ಹಿಡಿದಿರುವ ಕೈಗಳು ಕಡಿಮೆ. ನಿಧಾನಕ್ಕೆ ಸರಿಯುತ್ತಿದ್ದರೆ ಜಾಸ್ತಿ ಕೈ ಹಿಡಿದಿರಬಹುದು.

ಇದನ್ನೇ ಹಿಡಿದುಕೊಂಡು ಕೆಲವರು "ನೋಡಿ, ನಿಧಾನವೇ ಮೇಲು ಅಂತ ಹಿಲ್ ಹೇಳಿಬಿಟ್ಟರು" ಅನ್ನುತ್ತಾರೆ. ಅಲ್ಲೇ ಎಡವಟ್ಟು. ಆ ಸಂಬಂಧ ಸ್ನಾಯು ಪೂರ್ತಿ ಬಲ ಹಾಕುತ್ತಿರುವಾಗಿನ ಮಾತು. ಪೂರ್ತಿ ಬಲ ಹಾಕಿದಾಗ ಭಾರ ಜಾಸ್ತಿ ಇದ್ದರೆ ವೇಗ ತಾನಾಗಿ ಇಳಿಯುತ್ತದೆ, ಬಲ ಏರುತ್ತದೆ. ಹಗುರವಾದ ಡಂಬೆಲ್ ಹಿಡಿದು ಬೇಕಂತಲೇ ಆಮೆಗತಿಯಲ್ಲಿ ಎತ್ತುವಾಗ ನಾವು ಪೂರ್ತಿ ಬಲ ಹಾಕುತ್ತಲೇ ಇಲ್ಲ. ಎಷ್ಟು ಬೇಕೋ ಅಷ್ಟೇ ಹಾಕಿ, ಉಳಿದದ್ದನ್ನು ತಡೆಹಿಡಿದಿದ್ದೇವೆ.

ಭಾರ ಮಾಡಿಸುವ ನಿಧಾನ ಒಂದು, ನಾವೇ ಮಾಡಿಕೊಳ್ಳುವ ನಿಧಾನ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ನಡೆಯುವುದು ಪೂರ್ತಿ ಬೇರೆ.

ಯಾಕೆ ಬೇರೆ ಅನ್ನುವುದಕ್ಕೆ ಎಲ್ವುಡ್ ಹೆನಮನ್ ಎಂಬ ನರವಿಜ್ಞಾನಿಯ ಕೆಲಸ ನೆರವಿಗೆ ಬರುತ್ತದೆ. ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಅವರು 1965ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು. ಸ್ನಾಯುವನ್ನು ನಡೆಸುವ ನರಕೋಶಗಳಲ್ಲಿ ಚಿಕ್ಕವು ಮೊದಲು ಕೆಲಸಕ್ಕೆ ಇಳಿಯುತ್ತವೆ, ಬೇಡಿಕೆ ಏರಿದ ಹಾಗೆ ದೊಡ್ಡವು ಬರುತ್ತವೆ. ದೊಡ್ಡವುಗಳ ಕೈಕೆಳಗೆ ಸಾಮಾನ್ಯವಾಗಿ ಜೋರಿನ, ಬೇಗ ದಣಿಯುವ ಎಳೆಗಳಿರುತ್ತವೆ. ಇವುಗಳನ್ನು ಕೆಲಸಕ್ಕೆ ಕರೆಯಲು ಮೂರು ದಾರಿ. ಭಾರ ತುಂಬಾ ಇರಬೇಕು, ಇಲ್ಲವೇ ಸಾಧಾರಣ ಭಾರವನ್ನು ಪೂರ್ತಿ ಜೋರಿನಲ್ಲಿ ತಳ್ಳಬೇಕು, ಅದೂ ಇಲ್ಲವೇ ಚಿಕ್ಕವು ದಣಿದು ಕೈಚೆಲ್ಲುವ ತನಕ ಸೆಟ್ (ಒಂದರ ಹಿಂದೆ ಒಂದು ಮಾಡುವ ರೆಪ್‌ಗಳ ಸರಣಿ) ಎಳೆಯಬೇಕು. ಹಗುರ ಭಾರವನ್ನು ನಿಧಾನಕ್ಕೆ ಎತ್ತಿ ಸೆಟ್ಟಿನ ಅರ್ಧದಲ್ಲೇ ನಿಲ್ಲಿಸಿದರೆ ಮೂರರಲ್ಲಿ ಒಂದೂ ಆಗುವುದಿಲ್ಲ. ಶ್ರದ್ಧೆಯಿಂದ ಸೆಕೆಂಡು ಎಣಿಸುತ್ತಾ ಹೀಗೆ ಮಾಡುವವರನ್ನು ಕಂಡಾಗ ನನಗೆ ಪಾಪ ಅನ್ನಿಸುತ್ತದೆ. ಶಿಸ್ತು ಇದೆ, ಜಾಗ ತಪ್ಪಿದೆ.

ಜೋರು ಹಾಕುವ ಉದ್ದೇಶಕ್ಕೇ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. 1993ರಲ್ಲಿ ಡೇವಿಡ್ ಬೆಮ್ ಮತ್ತು ಡಿಗ್ಬಿ ಸೇಲ್ ಮಾಡಿದ್ದು. ಪಾದವನ್ನು ಮೇಲಕ್ಕೆ ಮಡಚುವ ವ್ಯಾಯಾಮ. ಒಂದು ಕಾಲು ನಿಜವಾಗಿಯೂ ವೇಗವಾಗಿ ಚಲಿಸಬೇಕು. ಇನ್ನೊಂದು ಕಾಲನ್ನು ಅಲುಗಾಡದ ಹಾಗೆ ಹಿಡಿದಿಟ್ಟು, ಅದರಲ್ಲೂ ಅಷ್ಟೇ ಜೋರಾಗಿ ಚಿಮ್ಮಲು ಯತ್ನಿಸಬೇಕು. ಕೆಲವು ತಿಂಗಳ ತರಬೇತಿ ಮುಗಿದ ಮೇಲೆ ಅಳೆದರೆ, ವೇಗದ ಚಲನೆಯಲ್ಲಿ ಎರಡೂ ಕಾಲುಗಳು ಒಂದೇ ರೀತಿ ಸುಧಾರಿಸಿದ್ದವು. ಅಲುಗಾಡದ ಕಾಲೂ ವೇಗ ಕಲಿತಿತ್ತು! ಅಂದರೆ ನರಗಳಿಗೆ ಹೋದ ಆಜ್ಞೆಯೇ ಮುಖ್ಯ. ಕಾಲು ನಿಜಕ್ಕೂ ಎಷ್ಟು ವೇಗದಲ್ಲಿ ಓಡಿತು ಅನ್ನುವುದು ಆಮೇಲಿನ ಮಾತು.

ಬಾರ್ ಹಿಡಿದು ಮಾಡಿದ ಪರೀಕ್ಷೆಯೂ ಇದೆ. ಸ್ಪೇನಿನ ಗೊನ್ಸಾಲೆಸ್-ಬಾದಿಯ್ಯೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಎರಡು ಗುಂಪು, ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವುದು), ಆರು ವಾರ. ಭಾರದ ಪ್ರಮಾಣ, ರೆಪ್, ಸೆಟ್ ಎಲ್ಲಾ ಒಂದೇ. ಒಂದು ಗುಂಪು ಪ್ರತಿ ಸಲ ಪೂರ್ತಿ ಜೋರಿನಲ್ಲಿ ತಳ್ಳಿತು. ಇನ್ನೊಂದು ಬೇಕಂತಲೇ ಅದರ ಅರ್ಧ ವೇಗದಲ್ಲಿ ತಳ್ಳಿತು. ಜೋರಿನ ಗುಂಪು ಎತ್ತಬಲ್ಲ ಗರಿಷ್ಠ ಭಾರ ಸುಮಾರು ಶೇ. 18ರಷ್ಟು ಏರಿತು. ಅರ್ಧ ವೇಗದವರದ್ದು ಸುಮಾರು ಶೇ. 10. ಅರ್ಧ ವೇಗದವರ ಸ್ನಾಯು ಭಾರದ ಕೆಳಗೆ ಹೆಚ್ಚು ಹೊತ್ತು ಇತ್ತು ಅನ್ನುವುದನ್ನು ಮರೆಯಬೇಡಿ. "ಟೈಮ್ ಅಂಡರ್ ಟೆನ್ಷನ್", ಅಂದರೆ ಸ್ನಾಯು ಭಾರದ ಕೆಳಗೆ ಇರುವ ಹೊತ್ತೇ ಮುಖ್ಯ, ಅಂತ ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ನೆನಪಾಗುವುದು ಇದೇ.

ನಿಧಾನದ ಪಂಥಕ್ಕೂ ಒಂದು ಚರಿತ್ರೆ ಇದೆ. ನಾಟಿಲಸ್ ಎಂಬ ವ್ಯಾಯಾಮ ಯಂತ್ರಗಳನ್ನು ತಂದ ಆರ್ಥರ್ ಜೋನ್ಸ್ 1970ರ ದಶಕದಲ್ಲಿ ಎರಡು ಸೆಕೆಂಡು ಎತ್ತಿ, ನಾಲ್ಕು ಸೆಕೆಂಡು ಇಳಿಸಿ ಅನ್ನುತ್ತಿದ್ದರು. ಅದು ಸಮಂಜಸವಾದ ಸಲಹೆ, ಈಗಲೂ ಯಂತ್ರದ ವ್ಯಾಯಾಮಕ್ಕೆ ಒಪ್ಪುತ್ತದೆ. ಅವರ ಬಳಗದಲ್ಲೇ ಇದ್ದ ಕೆನ್ ಹಚಿನ್ಸ್ 1980ರ ದಶಕದ ಆರಂಭದಲ್ಲಿ ಮೂಳೆ ಸವೆತ ಇದ್ದ ಹೆಂಗಸರ ಜೊತೆ ಕೆಲಸ ಮಾಡುವಾಗ ಇನ್ನೂ ನಿಧಾನಕ್ಕೆ ಹೋದರು. ಹತ್ತು ಸೆಕೆಂಡು ಎತ್ತುವುದು, ಇಳಿಸಲು ಐದರಿಂದ ಹತ್ತು. ಅದೇ ಸೂಪರ್ ಸ್ಲೋ ಅಂತ ಹೆಸರಾಯಿತು. ಜೋರಾಗಿ ಎಳೆದಾಡಿದರೆ ಪೆಟ್ಟಾಗಬಹುದಾದ ದೇಹಗಳಿಗೆ ಹುಷಾರಾಗಿ ಮಾಡಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅದನ್ನೇ ಎಲ್ಲರಿಗೂ ಅತ್ಯುತ್ತಮ ಅಂತ ಮಾರಿದ್ದು ಮಾತ್ರ ಜಾಸ್ತಿಯಾಯಿತು. ಅಷ್ಟು ನಿಧಾನಕ್ಕೆ ಎತ್ತಬೇಕಾದರೆ ಬಾರ್ ಮೇಲಿನ ಭಾರವನ್ನು ತುಂಬಾ ಇಳಿಸಲೇಬೇಕು.

ಬಲದ ಮಾತು ಹಾಗಿರಲಿ, ಸ್ನಾಯು ಬೆಳೆಸುವುದಕ್ಕೆ? ಇಲ್ಲಿ ಉತ್ತರ ನಿರಾಳವಾಗಿದೆ. 2015ರಲ್ಲಿ ಬ್ರಾಡ್ ಶೋನ್‌ಫೆಲ್ಡ್, ಡಾನ್ ಆಗ್‌ಬೋರ್ನ್ ಮತ್ತು ಜೇಮ್ಸ್ ಕ್ರೀಗರ್ ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪೂರ್ತಿ ದಣಿಯುವ ತನಕ ಸೆಟ್ ಮಾಡಿದರೆ, ಒಂದು ರೆಪ್‌ಗೆ ಅರ್ಧ ಸೆಕೆಂಡಿನಿಂದ ಎಂಟು ಸೆಕೆಂಡಿನವರೆಗೆ ಎಷ್ಟು ಹಿಡಿದರೂ ಬೆಳವಣಿಗೆ ಹೆಚ್ಚುಕಮ್ಮಿ ಒಂದೇ. ಹತ್ತು ಸೆಕೆಂಡು ದಾಟಿದ ಅತಿ ನಿಧಾನ ಮಾತ್ರ ಹಿಂದೆ ಬೀಳುವ ಹಾಗೆ ಕಂಡಿತು. ಅರ್ಧದಿಂದ ಎಂಟು ಅಂದರೆ ಎಷ್ಟು ಅಗಲ ನೋಡಿ. ಜಿಮ್‌ನಲ್ಲಿ ಸಾಮಾನ್ಯವಾಗಿ ಕಾಣುವ ಎಲ್ಲಾ ವೇಗಗಳೂ ಅದರೊಳಗೆ ಬಂದುಬಿಡುತ್ತವೆ. ಮೂರು ಸೆಕೆಂಡೋ ನಾಲ್ಕು ಸೆಕೆಂಡೋ ಅಂತ ಜಗಳ ಆಡುವವರು ಬೇರೆ ಕೆಲಸ ನೋಡಿಕೊಳ್ಳಬಹುದು. ಬೆಳವಣಿಗೆಯನ್ನು ಹೆಚ್ಚಾಗಿ ನಿರ್ಧರಿಸುವುದು ಸೆಟ್ಟನ್ನು ಎಷ್ಟು ಕಷ್ಟದ ತನಕ ಒಯ್ಯುತ್ತೀರಿ, ವಾರಕ್ಕೆ ಎಷ್ಟು ಸೆಟ್ ಮಾಡುತ್ತೀರಿ ಅನ್ನುವುದು.

ಹಾಗಾದರೆ ಇಳಿಸುವ ವೇಗದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಯಾಕೆ?

ಹಿಲ್ ಅವರ ಸಂಬಂಧ ಇಳಿಸುವಾಗ ತಿರುಗುಮುರುಗಾಗುತ್ತದೆ. ಭಾರದ ಎಳೆತಕ್ಕೆ ಉದ್ದವಾಗುತ್ತಿರುವ ಸ್ನಾಯು, ಕುಗ್ಗುತ್ತಿರುವ ಸ್ನಾಯುವಿಗಿಂತ ಜಾಸ್ತಿ ಬಲ ತಡೆದುಕೊಳ್ಳುತ್ತದೆ. ಎತ್ತಲು ಆಗದ ಭಾರವನ್ನೂ ಹಿಡಿದು ಇಳಿಸಬಹುದು, ಅಲ್ವಾ? ಅದು ಇದೇ ಕಾರಣಕ್ಕೆ. ಅಂದರೆ ಇಳಿಸುವಾಗ ನಮ್ಮ ಹತ್ತಿರ ಯಾವಾಗಲೂ ಬಲ ಉಳಿದಿರುತ್ತದೆ. ಅದನ್ನು ಬಳಸಿ ಭಾರವನ್ನು ತಡೆಯುತ್ತಾ ಬರಬಹುದು. ಇಲ್ಲವೇ ಕೈಬಿಟ್ಟು ಗುರುತ್ವಕ್ಕೆ ಒಪ್ಪಿಸಬಹುದು. ಕೈಬಿಟ್ಟರೆ ಅರ್ಧ ರೆಪ್ ಹಾಳು. ಜೊತೆಗೆ ಕೆಳಗೆ ಬಂದು ನಿಲ್ಲಿಸುವ ಆ ಕ್ಷಣದಲ್ಲಿ ಕೀಲು ಮತ್ತು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಮೇಲೆ ದೊಡ್ಡ ಪೆಟ್ಟು. ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಗೆ ಬಡಿದು ಪುಟಿಯುವುದು, ಸ್ಕ್ವಾಟ್‌ನಲ್ಲಿ ದಬಕ್ಕನೆ ಕುಳಿತು ಚಿಮ್ಮುವುದು, ಎಲ್ಲಾ ಇದೇ ಗುಂಪು.

ಆ ಪುಟಿತಕ್ಕೂ ವಿಜ್ಞಾನ ಇದೆ. ಬೇಗ ಎಳೆದು ತಕ್ಷಣ ಕುಗ್ಗಿಸಿದರೆ ಟೆಂಡನ್‌ನಲ್ಲಿ ಕೂಡಿಟ್ಟ ಶಕ್ತಿ ವಾಪಸ್ ಸಿಗುತ್ತದೆ. ಜಿಗಿಯುವವರಿಗೆ, ಓಡುವವರಿಗೆ ಅದೇ ಬಂಡವಾಳ. ಭಾರ ಎತ್ತುವವರೂ ಬೇಕಂತಲೇ ಬಳಸಬಹುದು. ನಡುವೆ ಒಂದೆರಡು ಸೆಕೆಂಡು ನಿಲ್ಲಿಸಿದರೆ ಆ ಲಾಭ ಬಹುಪಾಲು ಕರಗಿಹೋಗುತ್ತದೆ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಬಾರ್ ಎದೆಯ ಮೇಲೆ ಅಲುಗಾಡದೆ ನಿಂತ ಮೇಲೆಯೇ ತೀರ್ಪುಗಾರರು "ಪ್ರೆಸ್" ಅನ್ನುವುದು. ಜಿಮ್‌ನಲ್ಲಿ ಪುಟಿಸಿ ಎತ್ತುವವರು ಅಲ್ಲಿ ಹೋದರೆ ತಮ್ಮ ನಿಜವಾದ ತಾಕತ್ತು ಎಷ್ಟು ಅಂತ ತಿಳಿದು ಬೆವರುತ್ತಾರೆ.

ಎರಡರಿಂದ ಮೂರು ಸೆಕೆಂಡು ಇಳಿಸಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಐದು, ಆರು ಸೆಕೆಂಡು ಇಳಿಸಿದರೆ ಮುಂದೆ ಎತ್ತಬೇಕಾದ ಬಲವೇ ಖಾಲಿಯಾಗುತ್ತದೆ, ರೆಪ್‌ಗಳು ಕಡಿಮೆಯಾಗುತ್ತವೆ. ಹೊಸಬರಾದರೆ ಮರುದಿನದಿಂದ ಎರಡು ಮೂರು ದಿನ ಮೆಟ್ಟಿಲು ಇಳಿಯುವುದೇ ಕಷ್ಟ. ವ್ಯಾಯಾಮ ಆದಮೇಲಿನ ಆ ಮೈಕೈ ನೋವಿಗೆ ಮುಖ್ಯ ಕಾರಣ ಇಳಿಸುವ ಭಾಗವೇ. ಹೊಸ ವ್ಯಾಯಾಮ ಶುರು ಮಾಡಿದ ವಾರದಲ್ಲಿ ಇಳಿಸುವುದನ್ನು ಎಳೆಯಲು ಹೋಗಬೇಡಿ. ಹಾಗೆಯೇ, ನಿಧಾನಕ್ಕೆ ಇಳಿಸುವಾಗ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಕೆಲವರಿಗಿದೆ. ರಕ್ತದೊತ್ತಡ ಇದ್ದವರಿಗೆ ಅದು ಒಳ್ಳೆಯದಲ್ಲ.

ಈಗ ಅಪವಾದಗಳು. ಮೊದಲನೆಯದು ಕಲಿಕೆ. ಚಲನೆಯ ಹಾದಿಯೇ ಗೊತ್ತಿಲ್ಲದವರು ಜೋರು ಹಾಕಿದರೆ ತಪ್ಪನ್ನೇ ಜೋರಾಗಿ ಮಾಡುತ್ತಾರೆ. ಸ್ಕ್ವಾಟ್‌ನಲ್ಲಿ ಮೊಣಕಾಲು ಒಳಗೆ ಬಾಗುತ್ತಿದೆಯೋ, ಬೆನ್ನು ಗುಂಡಾಗುತ್ತಿದೆಯೋ ಅಂತ ಗಮನಕ್ಕೆ ಬರಬೇಕಾದರೆ ನಿಧಾನ ಬೇಕು. ಹಗುರ ಭಾರ, ಎರಡೂ ದಿಕ್ಕಿನಲ್ಲಿ ಎರಡು ಮೂರು ಸೆಕೆಂಡು. ಹಾದಿ ಕೂತ ಮೇಲೆ ಜೋರು.

ಎರಡನೆಯದು ನೋಯುತ್ತಿರುವ ಟೆಂಡನ್. ಮಂಡಿಚಿಪ್ಪಿನ ಕೆಳಗಿನ ಟೆಂಡನ್ ನೋವಿಗೆ ಡೆನ್ಮಾರ್ಕಿನ ಸಂಶೋಧಕರು 2009ರಲ್ಲಿ ಒಂದು ಹೋಲಿಕೆ ಮಾಡಿದರು. ಒಂದು ಗುಂಪಿಗೆ ಹನ್ನೆರಡು ವಾರ ಭಾರವಾದ, ನಿಧಾನದ ತರಬೇತಿ. ಒಂದು ರೆಪ್‌ಗೆ ಆರು ಸೆಕೆಂಡು, ಮೂರು ಮೇಲೆ, ಮೂರು ಕೆಳಗೆ. ಇನ್ನೊಂದು ಗುಂಪಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಮೊದಲಿಗೆ ಎಲ್ಲರಿಗೂ ವಾಸಿ ಅನ್ನಿಸಿತು. ಅರ್ಧ ವರ್ಷದ ಹೊತ್ತಿಗೆ ಇಂಜೆಕ್ಷನ್‌ನವರ ಲಾಭ ಇಳಿದಿತ್ತು, ತರಬೇತಿಯವರದ್ದು ಉಳಿದಿತ್ತು. ಇಲ್ಲಿ ನಾವೇ ಮಾಡಿಕೊಳ್ಳುವ ನಿಧಾನಕ್ಕೆ ಅರ್ಥ ಇದೆ. ಗಮನಿಸಿ, ಭಾರವೂ ಕಡಿಮೆ ಇರಲಿಲ್ಲ. ವಾರ ಕಳೆದಂತೆ ಏರಿಸುತ್ತಾ ಹೋಗಿದ್ದರು.

ಇನ್ನೊಂದು ದಿಕ್ಕಿನಲ್ಲೂ ಅಪವಾದ ಇದೆ, ಅದು ವಯಸ್ಸಾದವರದ್ದು. ವಯಸ್ಸಾದವರಿಗೆ "ನಿಧಾನಕ್ಕೆ ಮಾಡಿ" ಅಂತ ಹೇಳುವುದೇ ಕಾಳಜಿ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ವಯಸ್ಸಾದಂತೆ ಬಲಕ್ಕಿಂತ ಬೇಗ ಕುಸಿಯುವುದು ಪವರ್, ಅಂದರೆ ಬೇಗನೆ ಬಲ ಹಾಕುವ ಸಾಮರ್ಥ್ಯ. ಎಡವಿದಾಗ ಥಟ್ಟನೆ ಇನ್ನೊಂದು ಕಾಲು ಮುಂದಿಡಲು ಬೇಕಾಗುವುದು ಅದೇ. ಕುರ್ಚಿಯಿಂದ ಬೇಗ ಏಳುವುದು, ನಿಧಾನಕ್ಕೆ ಕುಳಿತುಕೊಳ್ಳುವುದು. ಇಷ್ಟನ್ನೇ ವೈದ್ಯರ ಒಪ್ಪಿಗೆ ಪಡೆದು, ಹಿಡಿಕೆ ಇರುವ ಕುರ್ಚಿಯಲ್ಲಿ ಮಾಡಿಸಿದರೂ ಸರಿಯಾದ ದಿಕ್ಕಿನ ತರಬೇತಿ. ಈ ವಿಷಯ ಇನ್ನೂ ಎಷ್ಟೋ ಜಿಮ್‌ಗಳಿಗೆ ಮುಟ್ಟಿಲ್ಲ ಅನ್ನುವುದು ನನ್ನ ಬೇಸರ.

ಆಟಗಾರರದ್ದು ಬೇರೆಯೇ ಲೋಕ. ಹೊಸಬರು ಅದನ್ನು ನಕಲು ಮಾಡುವುದು ಬೇಡ. ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಒಯ್ಯುವ ಸ್ನ್ಯಾಚ್‌ನಲ್ಲಿ ನುರಿತವರ ಬಾರ್ ಸೆಕೆಂಡಿಗೆ ಒಂದೂವರೆಯಿಂದ ಎರಡು ಮೀಟರ್ ವೇಗ ಮುಟ್ಟುತ್ತದೆ. ಅದಕ್ಕಿಂತ ನಿಧಾನಕ್ಕೆ ಹೋದರೆ ಬಾರ್ ಬೇಕಾದಷ್ಟು ಮೇಲೆ ಬರುವುದೇ ಇಲ್ಲ. ಅಲ್ಲಿ ವೇಗ ಅನ್ನುವುದು ಆಯ್ಕೆಯೇ ಅಲ್ಲ. ಇನ್ನು ಸಾಧಾರಣ ಭಾರದ ಬೆಂಚ್ ಪ್ರೆಸ್‌ನಲ್ಲಿ ಒಂದು ತೊಡಕಿದೆ. ಗರಿಷ್ಠದ ಶೇ. 80ರಷ್ಟು ಭಾರದಲ್ಲೂ ಏರಿಕೆಯ ಸುಮಾರು ಅರ್ಧ ಭಾಗ ಬಾರ್‌ನ ವೇಗ ಇಳಿಸುವುದರಲ್ಲೇ ಹೋಗುತ್ತದೆ. ಕೈಯಿಂದ ಹಾರಿಹೋಗಬಾರದಲ್ಲ! ಅದಕ್ಕೇ ಆಟಗಾರರಿಗೆ ಮೆಡಿಸಿನ್ ಬಾಲ್ (ಭಾರದ ಚೆಂಡು) ಎಸೆಯಲು, ಭಾರ ಹಿಡಿದು ಜಿಗಿಯಲು ಹೇಳುವುದು. ಎಸೆಯುವಾಗ ಕೊನೆಯ ತನಕ ವೇಗ ಏರಿಸಬಹುದು.

ಈಗ ಬಾರ್‌ಗೆ ಸಿಕ್ಕಿಸಿ ವೇಗ ಅಳೆಯುವ ಉಪಕರಣಗಳು ಬಂದಿವೆ, ಮೊಬೈಲ್ ಕ್ಯಾಮೆರಾದಲ್ಲೂ ಅಳೆಯಬಹುದು. ಇವುಗಳಿಂದ ಒಂದು ಒಳ್ಳೆಯ ವಿಷಯ ತಿಳಿಯಿತು. ಎತ್ತಬಲ್ಲ ಗರಿಷ್ಠ ಭಾರದಲ್ಲಿ ಬೆಂಚ್ ಪ್ರೆಸ್‌ನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 0.17 ಮೀಟರ್. ಸ್ಕ್ವಾಟ್‌ನಲ್ಲಿ ಸುಮಾರು 0.3. ಅಂದರೆ ಪ್ರಾಣ ಹಾಕಿ ತಳ್ಳಿದರೂ ಬಾರ್ ಮೇಲೆ ಹೋಗಲು ಎರಡು ಸೆಕೆಂಡಿಗಿಂತ ಜಾಸ್ತಿ ಬೇಕಾಗಬಹುದು. ನಿಧಾನ ತಾನಾಗಿಯೇ ಬಂತಲ್ಲ. ಸೆಟ್ ಯಾವಾಗ ನಿಲ್ಲಿಸಬೇಕು ಅನ್ನುವುದಕ್ಕೂ ಇದು ಅಳತೆಗೋಲು. 2017ರಲ್ಲಿ ಬಂದ ಒಂದು ಸ್ಪ್ಯಾನಿಷ್ ಅಧ್ಯಯನದಲ್ಲಿ ಒಂದು ಗುಂಪು ವೇಗ ಶೇ. 20 ಕುಸಿದಾಗ ಸ್ಕ್ವಾಟ್ ಸೆಟ್ ನಿಲ್ಲಿಸಿತು, ಇನ್ನೊಂದು ಶೇ. 40 ಕುಸಿಯುವ ತನಕ ಎಳೆಯಿತು. ಬಲ ಎರಡೂ ಕಡೆ ಹತ್ತಿರಹತ್ತಿರ ಏರಿತು. ಬೇಗ ನಿಲ್ಲಿಸಿದವರ ಜಿಗಿತ ಚೆನ್ನಾಗಿತ್ತು. ತಡವಾಗಿ ನಿಲ್ಲಿಸಿದವರ ತೊಡೆ ಹೆಚ್ಚು ಬೆಳೆಯಿತು. ಯಾವುದು ಬೇಕೋ ಆರಿಸಿಕೊಳ್ಳಿ.

ನನ್ನ ಹತ್ತಿರ ಆ ಉಪಕರಣ ಇಲ್ಲ, ಅದರ ಅಗತ್ಯವೂ ಕಂಡಿಲ್ಲ. ಇಳಿಸುವಾಗ ಮಾತ್ರ ಮನಸ್ಸಿನಲ್ಲಿ ಎಣಿಸುತ್ತೇನೆ, ಎತ್ತುವಾಗ ಎಣಿಸುವುದಿಲ್ಲ. ಒಂದು ಎಚ್ಚರಿಕೆ: ಸುಸ್ತಾದ ಹಾಗೆ ಮನಸ್ಸಿನ ಸೆಕೆಂಡು ಚಿಕ್ಕದಾಗುತ್ತಾ ಹೋಗುತ್ತದೆ. ಮೊದಲ ರೆಪ್‌ನ ಮೂರು ಎಣಿಕೆ, ಎಂಟನೇ ರೆಪ್‌ಗೆ ಬರುವಾಗ ಒಂದೂವರೆ ಆಗಿರುತ್ತದೆ. ಹಾಗಾಗಿ ಆಗಾಗ ಮೊಬೈಲ್ ಇಟ್ಟು ಒಂದು ಸೆಟ್ ವಿಡಿಯೊ ಮಾಡಿ ನೋಡುವುದು ಒಳ್ಳೆಯದು. ಎತ್ತುವುದು ನಿಧಾನವಾಯಿತು ಅಂತ ನಾನು ಸೆಟ್ ನಿಲ್ಲಿಸುವುದಿಲ್ಲ. ಇಳಿಸುವುದು ಕೈತಪ್ಪಿದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಯಂತ್ರಗಳಲ್ಲಾದರೆ ಇದು ಇನ್ನೂ ಸುಲಭ. ಪ್ರತಿ ರೆಪ್‌ಗೂ ಪ್ಲೇಟುಗಳು ಠಣ್ ಠಣ್ ಅಂತ ಬಡಿಯುತ್ತಿದ್ದರೆ ಇಳಿಸುವ ವೇಗ ಜಾಸ್ತಿ. ಕೈಗಳನ್ನು ಪಕ್ಕಕ್ಕೆ ಎತ್ತುವ ಲ್ಯಾಟರಲ್ ರೇಸ್, ಬೈಸೆಪ್ಸ್ ಕರ್ಲ್‌ನಂಥ ಚಿಕ್ಕ ವ್ಯಾಯಾಮಗಳಲ್ಲಿ ಎತ್ತುವಾಗಲೂ ಜೋರು ಬೇಡ. ಭಾರ ಹಗುರ, ಸೊಂಟ ತೂಗಾಡಿಸಿದರೆ ಡಂಬೆಲ್ ತಾನೇ ಮೇಲೆ ಹಾರುತ್ತದೆ, ಭುಜಕ್ಕೆ ಕೆಲಸವೇ ಇಲ್ಲ. ಅಲ್ಲಿ ಮೇಲೆ ಒಂದು ಕ್ಷಣ ನಿಲ್ಲಿಸಿ ನೋಡಿ. ನಿಲ್ಲಿಸಲು ಆಗದಿದ್ದರೆ ಡಂಬೆಲ್ ವಾಪಸ್ ಇಟ್ಟು ಅದಕ್ಕಿಂತ ಚಿಕ್ಕದನ್ನು ತೆಗೆದುಕೊಳ್ಳಿ.